ಎಷ್ಟು ತಿಂಗಳು ಎಂದು ಕೇಳಿದವರಿಗೆ

ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಹತ್ತಿದ ಹೆಂಗಸೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಡಿಲಿನ ಚೀಲವನ್ನು ಎತ್ತಿಕೊಂಡು ಪಕ್ಕಕ್ಕೆ ಸರಿದಳು. "ನಿಂತ್ಕಂಡೇ ಇದ್ದೀಯಲ್ಲವ್ವ. ಎಷ್ಟ್ ತಿಂಗ್ಳು? ಬಾ, ಕೂತ್ಕೋ" ಅಂದಳು.

ನಾನು ಆ ಬಸ್ಸಿನ ಕಂಡಕ್ಟರ್. ವಯಸ್ಸು ನಲವತ್ತು ದಾಟಿತ್ತು. ಗಂಡನ ಮನೆ ಬಿಟ್ಟು ಬಂದು ಎಷ್ಟೋ ವರ್ಷಗಳಾಗಿದ್ದವು. ಮಕ್ಕಳಿಲ್ಲ. ಹೊಟ್ಟೆಯಲ್ಲಿ ಇರುವುದೇನೆಂದು ಆಗ ನನಗೂ ಗೊತ್ತಿರಲಿಲ್ಲ. "ಎಲ್ಲಿಗವ್ವ?" ಎಂದು ಕೇಳಿ, ಬೀರೂರಿಗೆ ಟಿಕೆಟ್ ಕೊಟ್ಟು ಮುಂದಿನ ಸೀಟಿಗೆ ಹೋದೆ. ಅವಳ ತಪ್ಪೇನಿಲ್ಲ. ಆ ಚಳಿಗಾಲದಲ್ಲಿ ನನ್ನ ಮುಖ, ಕೈಕಾಲು ಎಲ್ಲ ಒಣಗುತ್ತಿದ್ದವು, ಹೊಟ್ಟೆ ಮಾತ್ರ ಏರುತ್ತಿತ್ತು. ಖಾಕಿ ಅಂಗಿಯ ಗುಂಡಿಗಳು ಎಳೆದುಕೊಂಡು ನಿಲ್ಲುತ್ತಿದ್ದವು. ಟಿಕೆಟ್ ಮೆಷಿನ್ನಿನ ಪಟ್ಟಿಯನ್ನು ಎಡಭುಜಕ್ಕೆ ಹಾಕಿದರೆ ಪಕ್ಕೆಯ ಕೆಳಗೆ ಒತ್ತುತ್ತದೆಂದು ಬಲಕ್ಕೆ ಹಾಕಿಕೊಳ್ಳುತ್ತಿದ್ದೆ.

ಮೊದಲು ಗಮನಿಸಿದವರು ನಮ್ಮ ಡ್ರೈವರ್ ಮಂಜಣ್ಣ. ಕಡೂರು, ತರೀಕೆರೆ, ಅಜ್ಜಂಪುರ ಎಂದು ಅವರೂ ನಾನೂ ಒಂದೇ ಬಸ್ಸಿನಲ್ಲಿ ಬಹಳ ಕಾಲದಿಂದ ಓಡಾಡಿದವರು. ಮಾತು ಕಮ್ಮಿಯ ಮನುಷ್ಯ. ಅಜ್ಜಂಪುರದಲ್ಲಿ ಬಸ್ಸು ನಿಂತಾಗ ಇಬ್ಬರೂ ಡಬ್ಬಿ ಬಿಚ್ಚುತ್ತಿದ್ದೆವು.

"ಏನ್ ಸುಜಾತಮ್ಮ, ಮುದ್ದೆ ಹಂಗೇ ವಾಪಸ್ ಹೋಯ್ತದಲ್ಲ ದಿನಾ?"

"ಎರಡು ತುತ್ತಿಗೇ ಹೊಟ್ಟೆ ತುಂಬುತ್ತೆ ಮಂಜಣ್ಣ. ಗ್ಯಾಸ್ ಇರ್ಬೇಕು."

"ಗ್ಯಾಸ್ ಆದ್ರೆ ಬತ್ತದೆ, ಹೋಯ್ತದೆ. ಇದು ಹೋಗ್ತಾನೇ ಇಲ್ವಲ್ಲ. ತೋರ್ಸಿ ಒಂದ್ಸಲ" ಅಂದು ಕೈತೊಳೆಯಲು ಎದ್ದುಹೋದರು.

ಕಡೂರಿನ ಸ್ಕ್ಯಾನಿಂಗ್ ಸೆಂಟರಿನ ಬೆಂಚುಗಳ ಮೇಲೆ ಕೂತವರಲ್ಲಿ ಹೆಚ್ಚಿನವರು ಬಸುರಿಯರು. ಒಬ್ಬೊಬ್ಬರ ಪಕ್ಕದಲ್ಲೂ ಒಬ್ಬ ಗಂಡ, ಇಲ್ಲವೇ ಅತ್ತೆ, ಕೈಯಲ್ಲಿ ನೀರಿನ ಬಾಟ್ಲಿ. ನನ್ನ ಪಕ್ಕದಲ್ಲಿದ್ದ ಚಿಕ್ಕ ವಯಸ್ಸಿನ ಹುಡುಗಿ ನನ್ನ ಹೊಟ್ಟೆ ನೋಡಿ, "ಮೊದಲ್ನೇದಾ ಅಕ್ಕ?" ಎಂದು ಕೇಳಿದಳು. ಬಸ್ಸಿನಲ್ಲಿ ಇಂಥ ಮಾತಿಗೆ ಮುಖ ತಿರುಗಿಸುತ್ತಿದ್ದ ನಾನು, ಅದೇಕೋ ಅಲ್ಲಿ "ಹೂಂ" ಅಂದುಬಿಟ್ಟೆ. ಅವಳು ಸಂಭ್ರಮದಿಂದ ಮಾತಿಗೆ ಶುರುಮಾಡಿದಳು. ತನಗೆ ಮಾವಿನಕಾಯಿ ವಾಸನೆ ಬಂದರೆ ವಾಂತಿಯಾಗುತ್ತದೆ, ನಿಮಗೆ? ಎಡಮಗ್ಗುಲಿಗೆ ಮಲಗಬೇಕಂತೆ, ಮಲಗುತ್ತೀರಾ? ಎಡಕ್ಕೆ ಮಲಗಿದರೆ ನನಗೆ ಬೆನ್ನುಮೂಳೆಯವರೆಗೆ ನೋವು ಹೋಗುತ್ತಿತ್ತು. "ಮಲಗ್ತೀನಿ" ಅಂದೆ. ನನ್ನ ಹೆಸರು ಕರೆಯುವವರೆಗೂ ನಾನು ಬಸುರಿಯಾಗಿಯೇ ಕೂತಿದ್ದೆ. ಈಗ ನೆನೆದರೆ ನಾಚಿಕೆಯಾಗುವುದಿಲ್ಲ. ಆ ಬೆಂಚಿನ ಮೇಲೆ ಒಬ್ಬಳೇ ಇದ್ದೇನೆಂದು ಅನ್ನಿಸದ ಗಳಿಗೆ ಅದೊಂದೇ ಇತ್ತು.

ಒಳಗೆ ಸ್ಕ್ಯಾನ್ ಮಾಡುತ್ತಿದ್ದ ವೈದ್ಯೆ ಮೊದಲು ಮಾತಾಡುತ್ತಿದ್ದರು, ಆಮೇಲೆ ಪರದೆಯ ಹತ್ತಿರಕ್ಕೆ ಬಾಗಿದರು. ಹೊಟ್ಟೆಯ ಎಡಭಾಗದಲ್ಲಿ ಆ ತಣ್ಣನೆಯ ಉಪಕರಣ ಅಲ್ಲಲ್ಲೇ ಸುತ್ತಿತು. ಪರದೆಯನ್ನು ಸ್ವಲ್ಪ ತಮ್ಮ ಕಡೆಗೆ ತಿರುಗಿಸಿಕೊಂಡು ಕೇಳಿದರು:

"ನಿಮ್ಮ ಜೊತೆ ಯಾರು ಬಂದಿದ್ದಾರೆ?"

"ಯಾರೂ ಇಲ್ಲ ಮೇಡಂ. ನನಗೇ ಹೇಳಿ."

ಮುಂದಿನ ತಿಂಗಳುಗಳಲ್ಲಿ ನನ್ನನ್ನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಹೊಟ್ಟೆ ನೋಯುತ್ತದಾ ಎಂದು ಕೂಡ ಇಷ್ಟು ಸಲ ಯಾರೂ ಕೇಳಿರಲಿಲ್ಲ.

ಜಠರದ ಹಿಂದೆ ನೀರು ತುಂಬಿದ ದೊಡ್ಡ ಗಡ್ಡೆಯೊಂದಿದೆ, ಬಹುಶಃ ಪ್ಯಾಂಕ್ರಿಯಾಸಿನದು, ತಡಮಾಡದೆ ಸಿ.ಟಿ. ಮಾಡಿಸಿ ಎಂದರು. ಮೇದೋಜೀರಕ ಗ್ರಂಥಿ ಎಂದು ಶಾಲೆಯಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಮರೆತಿದ್ದೆ. ಅದು ನನ್ನೊಳಗೂ ಒಂದಿದೆ ಎಂದು ಯೋಚಿಸಿರಲಿಲ್ಲ. ಹೊರಗೆ ಬಂದಾಗ ಆ ಹುಡುಗಿ, "ಎಲ್ಲಾ ಚೆನ್ನಾಗೈತಾ ಅಕ್ಕ?" ಅಂದಳು. "ಚೆನ್ನಾಗಿದೆ ಕಣಮ್ಮ, ನೀನು ಹುಷಾರು" ಎಂದು ಹೇಳಿ ಚಪ್ಪಲಿ ಹುಡುಕಿದೆ.

ಶಿವಮೊಗ್ಗದಲ್ಲಿ ಸಿ.ಟಿ. ಆಯಿತು. ಅಲ್ಲಿಂದ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಬಾಯಿಯ ಮೂಲಕ ಟ್ಯೂಬು ಇಳಿಸಿ, ಗಡ್ಡೆಗೆ ಸೂಜಿ ಚುಚ್ಚಿ ಒಳಗಿನ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಅದು ಲೋಳೆಯಂಥ ನೀರು ಅಂತೆ. ಸರ್ಜನ್ ನನ್ನದೇ ವಯಸ್ಸಿನವರು, ನಿಧಾನಕ್ಕೆ ಮಾತಾಡುವವರು.

"ಇದು ಅಪರೂಪದ್ದು. ಹೆಚ್ಚಾಗಿ ನಿಮ್ಮ ವಯಸ್ಸಿನ ಹೆಂಗಸರಿಗೇ ಬರುತ್ತೆ. ಈಗ ಇದು ಕ್ಯಾನ್ಸರ್ ಅಂತ ನಾನು ಹೇಳಲ್ಲ. ಅಲ್ಲ ಅಂತಲೂ ಹೇಳೋಕಾಗಲ್ಲ. ಬಿಟ್ಟರೆ ಮುಂದೆ ಆಗಬಹುದು. ತೆಗೆದು, ಪೂರ್ತಿ ಪರೀಕ್ಷೆ ಮಾಡಿದ ಮೇಲೇ ಗೊತ್ತಾಗೋದು."

"ಏನೇನು ತೆಗೀತೀರಿ ಸರ್?"

"ಪ್ಯಾಂಕ್ರಿಯಾಸಿನ ಬಾಲದ ಕಡೆಯ ಭಾಗ. ಗುಲ್ಮ, ಅಂದ್ರೆ ಸ್ಪ್ಲೀನ್, ಅದಕ್ಕೆ ಅಂಟಿಕೊಂಡೇ ಇದೆ, ಅದನ್ನೂ ತೆಗೀಬೇಕಾಗುತ್ತೆ. ನಿಮ್ಮ ಜೊತೆ ಯಾರು ಬಂದಿದ್ದಾರೆ?"

ಕಾಯಿಲೆಯ ಇಂಗ್ಲಿಷ್ ಹೆಸರನ್ನು ಅವರಿಂದ ಮತ್ತೆ ಮತ್ತೆ ಹೇಳಿಸಿಕೊಂಡರೂ ನನ್ನ ನಾಲಿಗೆಗೆ ಹತ್ತಲಿಲ್ಲ. ವಾಪಸು ಬರುವ ರೈಲಿನಲ್ಲಿ ಕೂತು ಯೋಚಿಸಿದೆ. ಸಕ್ಕರೆ ಕಾಯಿಲೆಯವರಿಗೆ ಊರಿನ ತುಂಬ ಜೊತೆಗಾರರಿದ್ದಾರೆ. ಬಿ.ಪಿ.ಯವರು ಬಸ್ಸಿನಲ್ಲೇ ಒಬ್ಬರಿಗೊಬ್ಬರು ಮಾತ್ರೆ ತೋರಿಸಿಕೊಳ್ಳುತ್ತಾರೆ. ಕ್ಯಾನ್ಸರ್ ಎಂದರೂ ಜನಕ್ಕೆ ಗೊತ್ತು, ಹೆದರುವುದಾದರೂ ಗೊತ್ತು. ನನ್ನ ಕಾಯಿಲೆಗೆ ನಮ್ಮ ಕಡೆ ಹೆಸರೇ ಇರಲಿಲ್ಲ. ಕೇಳಿದವರಿಗೆ ಏನೆಂದು ಹೇಳಲಿ? ಹೌದು ಅನ್ನಲಾ, ಅಲ್ಲ ಅನ್ನಲಾ?

ಹೇಳಬೇಕಾದವಳು ಒಬ್ಬಳಿದ್ದಳು. ನಮ್ಮಕ್ಕ ರತ್ನ. ಅಜ್ಜಂಪುರಕ್ಕೆ ಕೊಟ್ಟಿದ್ದು. ಅಪ್ಪ ಅವ್ವ ಹೋದ ಮೇಲೆ ನನಗೆ ತವರು ಎಂದರೆ ಅವಳ ಮನೆಯೇ. ರಜೆಯ ದಿನ ಹೋದಾಗ ಅವಳು ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನಾನೂ ಎದುರಿಗೆ ಕೂತು ಒಂದು ಹಿಡಿ ಎಳೆದುಕೊಂಡೆ.

"ಗಡ್ಡೆ ಅಂತೆ ಅಕ್ಕ. ನೀರ್ ತುಂಬ್ಕೊಂಡಿರೋ ಗಡ್ಡೆ. ಆಪರೇಷನ್ ಮಾಡ್ಬೇಕಂತೆ."

"ಅದೇನಾ?" ಅಂದಳು. ಆ ಪದವನ್ನು ಬಾಯಿಬಿಟ್ಟು ಹೇಳಲಿಲ್ಲ.

"ಗೊತ್ತಿಲ್ಲ. ತೆಗೆದ ಮೇಲೇ ಗೊತ್ತಾಗೋದು ಅಂತಾರೆ."

ಅಕ್ಕ ಎದ್ದು ಹೋಗಿ ಬೀದಿಬಾಗಿಲು ಹಾಕಿಕೊಂಡು ಬಂದಳು. ಮತ್ತೆ ಕೂತವಳು ಕಾಯಿಗೆ ಕೈ ಹಾಕಲಿಲ್ಲ.

"ಯಾರ್‌ಯಾರಿಗ್ ಹೇಳಿದ್ದೀಯ ಇದ್ನ?"

"ಇನ್ನೂ ಯಾರಿಗೂ ಇಲ್ಲ."

"ಹೇಳ್ಬೇಡ ಕಣೇ ಸುಜೀ. ಕೈಮುಗೀತೀನಿ. ಚೈತ್ರನ ನೋಡ್ಕಂಡ್ ಹೋದೋರು ಒಪ್ಪಂಗವ್ರೆ. ಬುಕ್ಕಾಂಬುಧಿಯೋರು, ಒಳ್ಳೇ ಜನ. ಅವ್ವನಿಗೂ ಹೊಟ್ಟೆ ಊದ್ಕಂಡೇ ಹೋಯ್ತು ಜೀವ. ಈಗ ನಿಂಗೂ ಹೊಟ್ಟೆ. ಕೂಡ್ಸಿ ನೋಡಲ್ವಾ ಜನ? ಈ ವಂಶದಾಗೇ ಐತೆ ಅಂದ್ಬಿಟ್ರೆ ನನ್ ಮಗಳ ಗತಿ ಏನು?"

ಅವ್ವನಿಗೆ ಆಗಿದ್ದು ಏನು ಎಂದು ನಮಗೆ ಇವತ್ತಿಗೂ ಗೊತ್ತಿಲ್ಲ. ಆಗ ಯಾರೂ ಸ್ಕ್ಯಾನ್ ಮಾಡಿಸಲಿಲ್ಲ. ಅಕ್ಕ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಜನ ಹಾಗೇ ಕೂಡಿಸಿ ನೋಡುತ್ತಾರೆ. ನನ್ನನ್ನು ಒಳಗೊಳಗೇ ಕೊರೆದದ್ದೂ ಅದೇ. ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು.

"ಆಪರೇಷನ್ನಿಗೆ ಒಬ್ಬರು ಜೊತೆಗಿರ್ಬೇಕಂತೆ ಅಕ್ಕ."

"ಯಾವತ್ತು?"

ಹೇಳಿದೆ. ಅದೇ ವಾರ ಗಂಡಿನ ಕಡೆಯವರು ಮಾತುಕತೆಗೆ ಬರುವವರಿದ್ದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. "ನಮ್ ದೇವ್ರಿಗೆ ಹರಕೆ ಕಟ್ಕತೀನಿ" ಅಂದಳು. ನಮ್ಮಪ್ಪ ಬುದ್ಧನನ್ನು ನಂಬಿದವರು. ನಮ್ಮ ಮನೆಯಲ್ಲಿ ಹರಕೆ, ತಾಯತ ಏನೂ ಇರಲಿಲ್ಲ. ಗಂಡನ ಮನೆಗೆ ಬಂದ ಮೇಲೆ ಅಕ್ಕ ಎಲ್ಲಕ್ಕೂ ಕೈಮುಗಿಯುವುದು ಕಲಿತಿದ್ದಳು. "ಆಯ್ತು ಅಕ್ಕ, ಕಟ್ಕೋ" ಎಂದು ಎದ್ದೆ. ಅವಳು ಒಂದು ಚೀಲದಲ್ಲಿ ಅವರೆಕಾಳು ಹಾಕಿಕೊಟ್ಟಳು. ಅದನ್ನು ನಾನು ಬೇಯಿಸಲೇ ಇಲ್ಲ.

ಡಿಪೋದಲ್ಲಿ ಪಿತ್ತಕೋಶದ ಕಲ್ಲು ಎಂದು ಹೇಳಿ ರಜೆ ತೆಗೆದುಕೊಂಡೆ. ಅದು ಮರ್ಯಾದಸ್ಥ ಕಾಯಿಲೆ. ಎಲ್ಲರೂ ತಮಗೆ ಗೊತ್ತಿರುವ ಒಬ್ಬರಿಗೆ ಆಗಿತ್ತು, ಈಗ ಕಲ್ಲುಗುಂಡಿನ ಹಾಗೆ ಇದ್ದಾರೆ ಎಂದು ಧೈರ್ಯ ಹೇಳಿದರು. ಆ ಧೈರ್ಯವೆಲ್ಲ ಇನ್ನೊಬ್ಬಳಿಗೆ ಹೇಳಿದಂತೆ ಕೇಳಿಸುತ್ತಿತ್ತು.

ಮಂಜಣ್ಣನಿಗೆ ಮಾತ್ರ ಸುಳ್ಳು ಹೇಳಲಾಗಲಿಲ್ಲ. ಅಜ್ಜಂಪುರದಲ್ಲಿ ಬಸ್ಸು ಖಾಲಿಯಿದ್ದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಮುಂದಿನ ಗಾಜು ಒರೆಸುತ್ತಿದ್ದರು. ಒರೆಸುವುದನ್ನು ನಿಲ್ಲಿಸಲಿಲ್ಲ.

"ಜೊತೆಗೆ ಯಾರ್ ಬತ್ತಾರೆ?"

"ಅದೇ ಗೊತ್ತಾಗ್ತಿಲ್ಲ. ಒಬ್ಬರು ಇರ್ಲೇಬೇಕಂತೆ, ಸಹಿ ಹಾಕೋಕೆ."

ಬಟ್ಟೆ ಹಿಂಡಿ ಕೊಡವಿದರು. "ನಾನ್ ಬತ್ತೀನಿ ಬಿಡಿ. ಮನೇಲೂ ಹೇಳ್ತೀನಿ. ಅವ್ಳಿಗೆ ಮಂಡಿ ನೋವು, ಇಲ್ಲಾಂದ್ರೆ ಅವ್ಳೇ ಬರೋಳು."

ಆಸ್ಪತ್ರೆಯಲ್ಲಿ ನರ್ಸು ಅವರನ್ನು, "ನೀವು ಹಸ್ಬೆಂಡಾ?" ಎಂದು ಕೇಳಿದಾಗ ಆ ದೊಡ್ಡ ಮನುಷ್ಯ ನೆಲ ನೋಡಿದರು. "ಅಣ್ಣ" ಅಂದರು. ಅಲ್ಲೇ ಸಹಿ ಹಾಕಿದರು. ಅಪ್ಪನ ಮನೆಯಿಂದ ನನಗೆ ಅಣ್ಣ ಯಾರೂ ಇರಲಿಲ್ಲ.

ಆದರೆ ಹೆಂಗಸರ ವಾರ್ಡಿನಲ್ಲಿ ಅವರಿಗೆ ಜಾಗವಿಲ್ಲ. ನೋಡುವ ಹೊತ್ತಿನಲ್ಲಿ ಬಂದು, ಮಂಚದಿಂದ ದೂರ ನಿಂತು, "ಏನಾರ ಬೇಕಾ?" ಎಂದು ಕೇಳಿ, ಬೇಡವೆಂದರೆ ಸ್ವಲ್ಪ ಹೊತ್ತು ಕಿಟಕಿಯಾಚೆ ಸಾಲುಗಟ್ಟಿದ ಬಸ್ಸುಗಳನ್ನು ನೋಡಿ ಹೊರಡುತ್ತಿದ್ದರು. ಉಳಿದ ಹೊತ್ತೆಲ್ಲ ಕೆಳಗಿನ ಹಜಾರದ ಕುರ್ಚಿಯಲ್ಲಿ. ಮೇಲೆ ನಾನು ಒಬ್ಬಳೇ, ಕೆಳಗೆ ಅವರು ಒಬ್ಬರೇ.

ಪಕ್ಕದ ಮಂಚದಲ್ಲಿದ್ದವರು ಸಖರಾಯಪಟ್ಟಣದ ಜಯಮ್ಮ. ನಮ್ಮವ್ವ ಇದ್ದಿದ್ದರೆ ಅಷ್ಟೇ ವಯಸ್ಸಾಗಿರುತ್ತಿತ್ತು. ಮೈ, ಕಣ್ಣು ಎಲ್ಲ ಅರಿಶಿನ. ಊರಿನ ಹೆಸರು ಹೇಳಿದ್ದೇ ತಡ, ಎದ್ದು ಕೂತರು.

"ಕಡೂರ್ ಬಸ್ಸಾಗೆ ನಿನ್ನ ನೋಡಿದ್ದೀನಿ ಮಗ. ಚಿಲ್ಲರೆ ಇಲ್ಲ ಅಂದ್ರೆ ಬೈತಿದ್ದೆ ನೀನು."

"ಬೈದಿರ್ತೀನಿ" ಅಂದೆ. ಬಹಳ ದಿನಗಳ ಮೇಲೆ ನಕ್ಕೆ.

"ನಿಂಗೆಲ್ಲಿ?"

"ಪ್ಯಾಂಕ್ರಿಯಾಸ್ ಅಂತಾರೆ."

"ನಂದೂ ಅದೇ ಕಣೇ." ತಮ್ಮೂರಿನವರೇ ಸಿಕ್ಕಷ್ಟು ಖುಷಿ ಆ ದನಿಯಲ್ಲಿ. ಆಮೇಲೆ ದನಿ ತಗ್ಗಿಸಿ, "ನಿಂದೂ ಕೆಟ್ಟದ್ದಾ?" ಅಂದರು.

"ಇನ್ನೂ ಗೊತ್ತಿಲ್ಲ ಜಯಮ್ಮ. ತೆಗೆದ ಮೇಲೆ ಗೊತ್ತಾಗುತ್ತಂತೆ."

"ಗೊತ್ತಿಲ್ದಿರೋದು ಕಷ್ಟ" ಅಂದರು. "ನಂಗೆ ಗೊತ್ತಾಗೋಯ್ತು, ನಿದ್ದೆನಾದ್ರೂ ಬತ್ತದೆ."

ನನ್ನ ಕಾಯಿಲೆಯ ಬಗ್ಗೆ ಅದುವರೆಗೆ ಯಾರಾದರೂ ಆಡಿದ ಮಾತುಗಳಲ್ಲಿ ಅದೊಂದೇ ನನಗೆ ಸರಿಯಾಗಿ ಹೊಂದಿಕೊಂಡಿತು. ಆ ವಾರ್ಡಿನಲ್ಲಿ ಎಲ್ಲರದೂ ಕ್ಯಾನ್ಸರ್. ಅವರೊಳಗೆ ಒಂದು ನೆಂಟಸ್ತನವಿತ್ತು. ಕೂದಲು ಉದುರಿದ್ದು, ಬಾಯಿ ರುಚಿ ಕೆಟ್ಟದ್ದು, ಯಾರ ಸೊಸೆ ಬಂದಳು, ಯಾರ ಮಗ ಬರಲಿಲ್ಲ ಎಲ್ಲವನ್ನೂ ಹಂಚಿಕೊಳ್ಳುತ್ತಿದ್ದರು. ನಾನು ಮಾತಿಗೆ ಸೇರಿದರೆ ಒಬ್ಬಾಕೆ, "ನಿಂದು ಅದಲ್ಲವಂತಲ್ಲ, ನಿಂಗೇನು" ಅಂದಳು. ಊರಿನಲ್ಲಿ ಕಾಯಿಲೆಯವಳೆಂದು ಬಾಗಿಲು ಹಾಕಿದರು, ಇಲ್ಲಿ ಕಾಯಿಲೆ ಸಾಲದೆಂದು.

ಆಪರೇಷನ್ನಿನ ಬೆಳಿಗ್ಗೆ ನರ್ಸು ಬಂದು ಬಳೆ, ಓಲೆ ತೆಗೆಸಿದಳು. "ದಾರ, ತಾಯತ ಏನಾದ್ರೂ ಕಟ್ಟಿದ್ದೀರಾ?" ಎಂದು ಕೈ, ಕೊರಳು, ಸೊಂಟ ನೋಡಿದಳು. ಏನೂ ಇರಲಿಲ್ಲ. ಎದುರು ಮಂಚದವಳಿಗೆ ಅದೇ ದಿನ ಆಪರೇಷನ್. ಅವಳ ಮನೆಯವರು ಬಿಚ್ಚಿಸಿದ ದಾರಗಳನ್ನು ಕಣ್ಣಿಗೊತ್ತಿಕೊಂಡು ಮಡಿಲಲ್ಲಿ ಇಟ್ಟುಕೊಂಡರು. ನನ್ನ ಹತ್ತಿರ ಬಿಚ್ಚಿಕೊಡಲು ಒಂದು ನೂಲೂ ಇರಲಿಲ್ಲ, ಇಸಿದುಕೊಳ್ಳುವವರೂ ಇರಲಿಲ್ಲ. ಸ್ಟ್ರೆಚರಿನ ಮೇಲೆ ಮಲಗಿ, ಚಿಕ್ಕವಳಿದ್ದಾಗ ಅಪ್ಪ ಹೇಳಿಕೊಟ್ಟ ಬುದ್ಧ, ಧಮ್ಮ, ಸಂಘ ಎಂಬ ಮೂರು ಶರಣುಗಳನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ಅಲ್ಲಿ ಮಂಜಣ್ಣ ನಿಂತಿದ್ದರು. ಏನೋ ಹೇಳಬೇಕೆಂದು ಬಾಯಿ ತೆರೆದವರು, ಬಸ್ಸು ಹೊರಡಿಸುವಾಗ ನಾನು ಹೇಳುವ ಮಾತನ್ನೇ ಹೇಳಿದರು. "ರೈಟ್ ಸುಜಾತಮ್ಮ."

ಎಚ್ಚರವಾದಾಗ ಮೊದಲು ತಿಳಿದದ್ದು ಬಾಯಾರಿಕೆ. ಮೂಗಿನಲ್ಲಿ ಟ್ಯೂಬು, ಕುತ್ತಿಗೆಯಲ್ಲಿ ಸೂಜಿ, ಪಕ್ಕೆಯಿಂದ ಹೊರಬಂದ ಕೊಳವೆ. ನೀರು ಕೇಳಿದರೆ ಒದ್ದೆ ಹತ್ತಿಯಿಂದ ತುಟಿ ಒರೆಸಿದರು. ಐ.ಸಿ.ಯು.ನಲ್ಲಿ ಬೆಳಗು ಬೈಗು ಗೊತ್ತಾಗುವುದಿಲ್ಲ, ಒಂದೇ ಬೆಳಕು. ಕೆಮ್ಮಿದರೆ ಹೊಟ್ಟೆ ಹರಿದಂತಾಗುತ್ತಿತ್ತು. ಯಾರಾದರೂ ಕೈ ಹಿಡಿದುಕೊಳ್ಳಲಿ ಎಂದು ಬೆರಳು ಬಿಚ್ಚಿ ಇಟ್ಟುಕೊಂಡಿದ್ದೆ. ಬಂದ ಕೈಗಳೆಲ್ಲ ನಾಡಿ ನೋಡಿ ಹೋದವು.

ಯಾವಾಗಲೋ ಹಸಿರು ಗೌನು, ಟೋಪಿ ಹಾಕಿಸಿಕೊಂಡು ಮಂಜಣ್ಣ ಒಳಗೆ ಬಂದರು. ಗುಡಿಯಲ್ಲಿ ನಿಲ್ಲುವವರ ಹಾಗೆ ಕೈಕಟ್ಟಿ ಕಾಲದೆಸೆಯಲ್ಲಿ ನಿಂತರು.

"ಪೂರಾ ತೆಗ್ದವ್ರಂತೆ. ಒಡೀದಂಗೆ ತೆಗ್ದಿದ್ದೀವಿ ಅಂದ್ರು ಡಾಕ್ಟ್ರು. ತಟ್ಟೇಲಿಟ್ಟು ತಂದು ತೋರಿಸಿದ್ರು."

"ಎಷ್ಟಿತ್ತು ಮಂಜಣ್ಣ?" ನನ್ನ ದನಿ ನನಗೇ ಕೇಳಿಸಲಿಲ್ಲ.

ಅವರು ಎರಡು ಕೈಯಲ್ಲಿ ಅಳತೆ ತೋರಿಸಲು ಹೋಗಿ ನಿಲ್ಲಿಸಿದರು. "ಬೇಡ ಬಿಡಿ. ನಂಗೂ ಸರಿಯಾಗ್ ನೋಡಕ್ಕಾಗ್ಲಿಲ್ಲ. ಆದ್ರೆ ಮನೆಯೋರು ನೋಡ್ಬೇಕು ಅಂದ್ರು, ನೋಡ್ದೆ."

ವಾರ್ಡಿಗೆ ವಾಪಸು ತಂದಾಗ ಜಯಮ್ಮ ಊರಿಗೆ ಹೊರಡುವ ತಯಾರಿಯಲ್ಲಿದ್ದರು. ಅರಿಶಿನ ಸ್ವಲ್ಪ ಇಳಿದಿತ್ತು. ಸೊಸೆ ಚೀಲ ತುಂಬುತ್ತಿದ್ದಳು. ಅವರ ಗಡ್ಡೆ ರಕ್ತನಾಳಕ್ಕೆ ಸುತ್ತಿಕೊಂಡಿದೆ, ಆಪರೇಷನ್ ಆಗುವುದಿಲ್ಲ ಎಂದಿದ್ದರು. ಪಿತ್ತ ಇಳಿಯಲು ಒಳಗೆ ಸಣ್ಣ ಕೊಳವೆ ಇಟ್ಟು ಕಳಿಸುತ್ತಿದ್ದರು.

"ನಿಂದು ಬಿಡಿಸ್ಕಂತು, ನಂದು ಕಚ್ಕಂತು. ಅಷ್ಟೇಯ" ಅಂದರು. ತಲೆ ನೇವರಿಸಿ, "ಊರ್ ಕಡೆ ಬಂದ್ರೆ ಬಾರೇ. ಡ್ಯೂಟಿ ಮ್ಯಾಲಲ್ಲ, ಸುಮ್ನೆ ಬಾ" ಎಂದು ಹೇಳಿ ಹೋದರು. ಮಧ್ಯಾಹ್ನದ ಹೊತ್ತಿಗೆ ಆ ಮಂಚಕ್ಕೆ ಇನ್ನೊಬ್ಬರು ಬಂದರು.

ಪಕ್ಕೆಯ ಕೊಳವೆಯೊಂದಿಗೇ ನನ್ನನ್ನು ಮನೆಗೆ ಕಳಿಸಿದರು. ಪ್ಯಾಂಕ್ರಿಯಾಸಿನ ರಸ ಇನ್ನೂ ಸೋರುತ್ತಿತ್ತು, ಅದು ಹೊರಗೆ ಹೋಗಲು ದಾರಿ ಬೇಕು. ಕೊಳವೆಯ ತುದಿಯ ಚೀಲವನ್ನು ಲಂಗದ ಲಾಡಿಗೆ ಕಟ್ಟಿ, ಮೇಲೆ ಸೀರೆ ಉಟ್ಟು ರೈಲಿನಲ್ಲಿ ಬಂದೆ. ಕಡೂರಿನಲ್ಲಿ ನನ್ನ ಬಾಡಿಗೆ ಮನೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದೆ. ಮಂಜಣ್ಣನ ಮನೆಯವರು ಮಂಡಿನೋವು ಇಟ್ಟುಕೊಂಡೇ ಬೆಳಿಗ್ಗೆ ಗಂಜಿ ಕಳಿಸುತ್ತಿದ್ದರು, ಸಂಜೆ ಅವರೇ ಬರುತ್ತಿದ್ದರು. ನಡುವಿನ ಹೊತ್ತು ಉದ್ದ. ಮಲಗಿಕೊಂಡು ಬಸ್ಸುಗಳ ಸದ್ದು ಕೇಳುತ್ತಿದ್ದೆ. ಯಾವುದು ಚಿಕ್ಕಮಗಳೂರಿಗೆ, ಯಾವುದು ಹೊಸದುರ್ಗಕ್ಕೆ ಎಂದು ಎಂಜಿನ್ನಿನ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಚೀಲದಲ್ಲಿ ಬೀಳುವ ನೀರಿನ ಬಣ್ಣ ನೋಡುವುದು, ಅಳೆಯುವುದು, ಚೆಲ್ಲುವುದು. ಸ್ನಾನವಿಲ್ಲ, ಮಗ್ಗುಲು ತಿರುಗುವ ಹಾಗಿಲ್ಲ. ಒಂದು ದಿನ ಕನ್ನಡಿಯಲ್ಲಿ ಹೊಟ್ಟೆ ನೋಡಿಕೊಂಡೆ. ಊತ ಹೋಗಿ ಒಳಕ್ಕೆ ಬಿದ್ದಿತ್ತು. ಅಡ್ಡಡ್ಡ ಹೊಲಿಗೆ. ಈಗ ಯಾರೂ ಎಷ್ಟು ತಿಂಗಳು ಎಂದು ಕೇಳುವುದಿಲ್ಲ ಅನ್ನಿಸಿತು; ಅನ್ನಿಸಿ ಯಾಕೋ ಅಳು ಬಂತು.

ವರದಿ ಕೇಳಲು ಬೆಂಗಳೂರಿಗೆ ಒಬ್ಬಳೇ ಹೋದೆ. ಮತ್ತೆ ರಜೆ ಹಾಕಿ ಎಂದು ಮಂಜಣ್ಣನನ್ನು ಕೇಳುವ ಮುಖ ನನಗಿರಲಿಲ್ಲ. ಹೊರಗೆ ಕಾಯುವಾಗ ಎಲ್ಲರೂ ಎಲ್ಲರ ಮುಖ ನೋಡುತ್ತಿದ್ದರು, ಬಾಗಿಲಿಂದ ಬರುವವರ ಮುಖದಲ್ಲಿ ತಮ್ಮ ಫಲಿತಾಂಶ ಇದೆಯೇನೋ ಎಂಬಂತೆ. ಸರ್ಜನ್ ಈ ಸಲ ಯಾರು ಬಂದಿದ್ದಾರೆ ಎಂದು ಕೇಳಲಿಲ್ಲ. ನಾನು ಬಾಗಿಲು ದಾಟುವ ಮೊದಲೇ ಹೇಳಿಬಿಟ್ಟರು.

"ಕ್ಯಾನ್ಸರ್ ಇಲ್ಲ ಸುಜಾತ ಅವರೇ. ಪೂರ್ತಿ ಬಂದಿದೆ. ಸರಿಯಾದ ಹೊತ್ತಿಗೆ ತೆಗೆದ ಹಾಗಾಯ್ತು."

ಆ ದಿನವೇ ಕೊಳವೆಯನ್ನೂ ತೆಗೆದರು. ಹೊರಗೆ ಬಂದು ಫೋನು ಕೈಗೆತ್ತಿಕೊಂಡೆ. ಅಕ್ಕನ ಮನೆಯಲ್ಲಿ ಅವತ್ತು ಬೀಗರಿದ್ದರು, ಜವಳಿ ತೆಗೆಯಲು ಹೊರಟಿದ್ದರು. ಮಂಜಣ್ಣ ಸ್ಟೇರಿಂಗಿನ ಮೇಲಿರುವ ಹೊತ್ತು. ಡಿಪೋದವರಿಗೆ ನನ್ನದು ಕಲ್ಲು. ಜಯಮ್ಮನ ನಂಬರ್ ಇತ್ತು. ಅವರಿಗೆ ಯಾವ ಬಾಯಲ್ಲಿ ಹೇಳಲಿ? ಕೆಟ್ಟ ಸುದ್ದಿಯಾಗಿದ್ದರೆ ಒಬ್ಬಳೇ ನುಂಗಿಕೊಳ್ಳಲು ತಯಾರಾಗಿ ಹೋಗಿದ್ದೆ. ಒಳ್ಳೆಯ ಸುದ್ದಿಯನ್ನು ಒಬ್ಬಳೇ ಹೊತ್ತುಕೊಂಡು ಏನು ಮಾಡುವುದೆಂದು ಗೊತ್ತಿರಲಿಲ್ಲ. ಕ್ಯಾಂಟೀನಿಗೆ ಹೋಗಿ ಇಡ್ಲಿ ತೆಗೆದುಕೊಂಡೆ. ಎದುರಿಗೆ ಕೂತವರು ತಟ್ಟೆ ಮುಟ್ಟದೆ ಕೂತಿದ್ದರು. ನಾನು ತಲೆ ತಗ್ಗಿಸಿ ತಿಂದೆ.

ಚೈತ್ರಳ ಮದುವೆಗೆ ನಾನು ಹೋಗಲಿಲ್ಲ. "ನಿಂಗಿನ್ನೂ ಬಲ ಬಂದಿಲ್ಲ, ಜನ ಜಾಸ್ತಿ, ಏನಾರ ಅಂಟ್ಕಂಡ್ರೆ?" ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಗುಲ್ಮ ತೆಗೆದವರು ಸೋಂಕಿಗೆ ಹೆದರಬೇಕು ಎಂದು ವೈದ್ಯರೂ ಹೇಳಿದ್ದರು. ಹಾಗಾಗಿ ಅಕ್ಕ ಹೇಳಿದ್ದು ಈ ಸಲವೂ ಸುಳ್ಳಲ್ಲ. ಧಾರೆಯ ಹೊತ್ತಿಗೆ ಚೈತ್ರಾ ವೀಡಿಯೋ ಕಾಲ್ ಮಾಡಿದಳು. ವಾಲಗದ ಗದ್ದಲದಲ್ಲಿ "ಚಿಕ್ಕೀ" ಅಂದದ್ದು ಕೇಳಿಸಿತು, ಆಮೇಲೆ ಯಾರದೋ ಭುಜ, ಸೀಲಿಂಗಿನ ಹೂವು, ಕಟ್ ಆಯಿತು.

ಬಿಸಿಲು ಕಾಲ ಮುಗಿಯುವ ಮೊದಲು ಸಖರಾಯಪಟ್ಟಣಕ್ಕೆ ಹೋದೆ. ಬಹಳ ಕಾಲದ ಮೇಲೆ ಬಸ್ಸಿನಲ್ಲಿ ಪ್ರಯಾಣಿಕಳಾಗಿ ಕಿಟಕಿ ಪಕ್ಕ ಕೂತಿದ್ದೆ. ಜಯಮ್ಮ ಹಿಂದಿನ ಕೋಣೆಯಲ್ಲಿ ಚಾಪೆಯ ಮೇಲಿದ್ದರು. ಮುಖದಲ್ಲಿ ಕಣ್ಣುಗಳೇ ದೊಡ್ಡವು.

"ಗೊತ್ತಾಯ್ತಾ ನಿಂದು?"

"ಗೊತ್ತಾಯ್ತು." ಮುಂದೆ ಹೇಳಲಾಗದೆ ನಿಂತೆ.

"ಒಳ್ಳೇದೇ ಇರ್ಬೇಕು. ಕೆಟ್ಟದ್ದಾಗಿದ್ರೆ ಹಿಂಗ್ ತಡವರಿಸ್ತಿರ್ಲಿಲ್ಲ ನೀನು" ಅಂದರು. "ತೋರ್ಸು, ಎಂಗ್ ಕುಯ್ದವ್ರೆ ನೋಡನ."

ಬಾಗಿಲು ಮುಂದೆ ಮಾಡಿ, ಸೆರಗು ಸರಿಸಿ ತೋರಿಸಿದೆ. ಅವರು ಒಂದು ಬೆರಳಿನಿಂದ ಗೆರೆಯ ಈ ತುದಿಯಿಂದ ಆ ತುದಿಗೆ ಸವರಿದರು. ಗಾಯವನ್ನು ವೈದ್ಯರಲ್ಲದವರು ನೋಡಿದ್ದು ಅದೇ ಮೊದಲು.

"ಇದ್ನ ನಿಮ್ ಕಡೆಯೋರು ಯಾರಾರ ನೋಡಿದ್ರಾ?"

"ಇಲ್ಲ."

"ಯಾಕೆ?"

ಎಲ್ಲವನ್ನೂ ಹೇಳಿದೆ. ಅವರು ಕಣ್ಣುಮುಚ್ಚಿ ಕೇಳಿದರು, ನಿದ್ದೆ ಹೋದರೇನೋ ಅಂದುಕೊಂಡೆ.

"ಪರ್ವಾಗಿಲ್ಲ ಬಿಡಕ್ಕ ಅಂದಿರ್ತೀಯ ಅವ್ಳಿಗೆ."

"ಹೂಂ. ಅಂದೆ."

"ನಾನೂ ಎಲ್ಲಾರಿಗೂ ಅದ್ನೇ ಅನ್ಕಂಡು ಬಂದೆ" ಅಂದರು. ಅಷ್ಟೇ ಅಂದದ್ದು. ಮಳೆ ಹಿಡಿಯುವ ಮೊದಲು ಅವರು ತೀರಿಕೊಂಡರು. ಸುದ್ದಿ ಅವರ ಸೊಸೆ ಹೇಳಿದಳು.

ಈಗ ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದಾರೆ. ಸಕ್ಕರೆ ಸ್ವಲ್ಪ ಏರಿದೆ, ಮಾತ್ರೆ ತೆಗೆದುಕೊಳ್ಳುತ್ತೇನೆ. ಗುಲ್ಮ ಇಲ್ಲದವರು ಹಾಕಿಸಿಕೊಳ್ಳಬೇಕಾದ ಚುಚ್ಚುಮದ್ದುಗಳನ್ನು ಹಾಕಿಸಿಕೊಂಡಿದ್ದೇನೆ; ಜ್ವರ ಬಂದರೆ ಮಾರನೇ ದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಅರ್ಧ ಮುದ್ದೆ ಉಣ್ಣುತ್ತೇನೆ. ನಿಮಗೂ ಯಾರಾದರೂ ಹೆಸರು ಬಾರದ ಕಾಯಿಲೆಯೊಂದನ್ನು ಹೇಳಿ, ಹೌದೂ ಅಲ್ಲ, ಅಲ್ಲವೂ ಅಲ್ಲ ಎಂದು ಕಾಯಲು ಕೂರಿಸಿದ್ದರೆ, ಆ ಬೆಂಚಿನ ಮೇಲೆ ನಾನೂ ಕೂತಿದ್ದೆ ಎಂದು ತಿಳಿಯಿರಿ. ಅಲ್ಲಿ ಕೂತವರಿಗೆ ಧೈರ್ಯ ಹೇಳುವಷ್ಟು ದೊಡ್ಡವಳು ನಾನಲ್ಲ.

ಅಕ್ಕ ಬಂದದ್ದು ಮದುವೆಯ ಗಲಾಟೆಯೆಲ್ಲ ಮುಗಿದು, ಮಗಳು ಗಂಡನ ಮನೆಗೆ ಹೊಂದಿಕೊಂಡ ಮೇಲೆ, ಒಂದು ಮಧ್ಯಾಹ್ನ. ಚಿರೋಟಿ, ಹೊಸ ಸೀರೆ, ಬಾಳೆಹಣ್ಣು ತಂದಿದ್ದಳು. ಕಾಫಿ ಮಾಡಿ ಕೊಟ್ಟೆ. ಬೀಗರ ಮಾತು, ಚೈತ್ರಳ ಮಾತು ಎಲ್ಲ ಆಯಿತು. ಲೋಟ ಕೆಳಗಿಟ್ಟು, ನನ್ನ ಮುಖ ನೋಡದೆ ಹೇಳಿದಳು:

"ನಾನ್ ಬರ್ಬೇಕಿತ್ತು ಕಣೇ ಸುಜೀ."

ಪರವಾಗಿಲ್ಲ ಬಿಡಕ್ಕ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ.

"ಹೂಂ ಅಕ್ಕ. ಬರ್ಬೇಕಿತ್ತು ನೀನು."

ಅವಳು ಬೆಚ್ಚಿದಂತೆ ತಲೆಯೆತ್ತಿದಳು. ಮಗಳ ಮದುವೆ, ಜನ, ಬೀಗರು ಎಂದು ಹೇಳುತ್ತಾಳೆಂದು ಕಾದೆ. ಹೇಳಲಿಲ್ಲ. ಲೋಟವನ್ನು ಪಕ್ಕಕ್ಕೆ ಸರಿಸಿ, "ಬಾಳ ನೋವಿತ್ತಾ?" ಅಂದಳು.

"ಇತ್ತು."

"ಎಲ್ಲಿ?"

ನಾನು ಗೋಡೆಗೆ ಒರಗಿ ಕೂತು ಮೊದಲಿಂದ ಹೇಳಲು ಶುರುಮಾಡಿದೆ. ತರೀಕೆರೆಯ ಹೆಂಗಸು, ಸ್ಕ್ಯಾನಿಂಗ್ ಸೆಂಟರಿನಲ್ಲಿ ನಾನು ಬಸುರಿಯಾದದ್ದು, ಬಿಚ್ಚಿಟ್ಟಿದ್ದ ಬೆರಳುಗಳು, ಇಡ್ಲಿ, ಜಯಮ್ಮ. ಅಕ್ಕ ಒಂದೇ ಒಂದು ಸಲ ಕೂಡ ನಡುವೆ ಬಾಯಿ ಹಾಕಲಿಲ್ಲ. ಹೇಳುತ್ತ ಹೇಳುತ್ತ ಹೊತ್ತು ಇಳಿಯಿತು. ಬಸ್ ಸ್ಟ್ಯಾಂಡಿನಿಂದ ಅಜ್ಜಂಪುರದ ಕೊನೆಯ ಬಸ್ಸು ಹೊರಟ ಸದ್ದು ಇಬ್ಬರಿಗೂ ಕೇಳಿಸಿತು. ಅಕ್ಕ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಕಾಲು ಮಡಚಿ ಸರಿಯಾಗಿ ಕೂತು, "ಹೂಂ, ಆಮೇಲೆ?" ಅಂದಳು.